ಎಣ್ಣೆ ನಿಲ್ಲಿಸಿದ ಮೇಲೆ

ಮಾರ್ಚ್ 4
ಮಂಗಳವಾರ. ಅಂದ್ರೆ ಎಣ್ಣೆ ದಿನ. ಲ್ಯಾಬಿನ ಇಲಿಗಳ ಬೆನ್ನು ಬೋಳಿಸಿ ಬೆಚ್ಚನೆ ಎಣ್ಣೆ ಸವರಿದ್ದಾಯ್ತು. ಬಿಸಿ ಹೆಚ್ಚಾದ್ರೆ ಕಿರುಚ್ತವೆ, ಪಾಪ. ಅದಕ್ಕೇ ಗ್ಲೌಸ್ ಮುಗಿಯೋ ಕಡೆ, ಬರಿ ಮಣಿಕಟ್ಟಿಗೆ ಮೊದಲು ಒಂದು ಹನಿ — ಮಗುವಿನ ಹಾಲು ನೋಡೋ ತಾಯಿ ಹಾಗೆ. ಅಲ್ಲೇ ಒಂದು ಗುಳ್ಳೆ ಎದ್ದಿದೆ. ಹೆಂಡತಿ ನೋಡಿ, "ರೀ, ಆ ಇಲಿಗಳಿಗೆ ಮಾಡೋ ಉಪಚಾರದಲ್ಲಿ ಅರ್ಧ ನನಗೆ ಮಾಡಿದ್ರೆ ದುಂಡಗಾಗಿರ್ತಿದ್ದೆ" ಅಂದಳು.

ಮಾರ್ಚ್ 18
ಎಡಗಡೆ ಗೂಡಿನ ಇಲಿಗಳ ಬೆನ್ನಲ್ಲೆಲ್ಲ ಗಂಟು. ಬಲಗಡೆಯವು ಬೆಣ್ಣೆ ಮುದ್ದೆ ಹಾಗಿವೆ. ಶುರುವಿನಲ್ಲಿ ಎರಡಕ್ಕೂ ಹಚ್ಚಿದ್ದು ಒಂದೇ ಔಷಧಿ, ಒಂದೇ ಸಲ. ಎಣ್ಣೆ ಹಚ್ಚೋದು ಎಡಗಡೆಯವಕ್ಕೆ ಮಾತ್ರ. ಈ ಪ್ರಯೋಗ ನಡೆಸೋ ಮೇಡಂನ ಕೇಳಿದೆ.
"ಔಷಧಿ ಕ್ಯಾನ್ಸರ್ ಬೀಜ ಬಿತ್ತುತ್ತೆ, ಅಷ್ಟೇ. ಅದು ಆಯುಸ್ಸೆಲ್ಲ ಮಲಗಿದ್ರೂ ಮಲಗಿರಬಹುದು. ಎಣ್ಣೆ ಎಬ್ಬಿಸಿ ಬೆಳೆಸುತ್ತೆ."
"ಬರೀ ಎಣ್ಣೆ ಹಚ್ಚಿದ್ರೆ?"
"ಬಿತ್ತದ ಹೊಲಕ್ಕೆ ನೀರು ಹಾಯಿಸಿದ ಹಾಗೆ."
ಉಸಿರು ಬಂತು. ನನ್ನ ಕೈಗೆ ಬಿದ್ದಿರೋದು ಎಣ್ಣೆ ಒಂದೇ ತಾನೆ.

ಅದೇ ದಿನ, ಸಂಜೆ
ಬಸ್ಸಲ್ಲಿ ನೆನಪಾಯ್ತು. ಪ್ರಯೋಗ ಶುರುವಾದ ದಿನ. ಔಷಧಿ ಸೀಸೆಯ ಮುಚ್ಚಳ ಬಿಗಿಯಾಗಿತ್ತು. ತಿರುಚಿದೆ, ಚಿಮ್ಮಿತು... ತೊಳ್ಕೊಂಡೆ. ಮರೆತೇಬಿಟ್ಟೆ. ಇದೇ ಕೈ.

ಮಾರ್ಚ್ 19
ಮೇಡಂಗೆ ಗುಳ್ಳೆ ತೋರಿಸಿದೆ, ಔಷಧಿ ಚಿಮ್ಮಿದ್ದೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.
"ಅಲ್ಲಾ, ಬಿಸಿ ನೋಡೋಕೆ ಥರ್ಮಾಮೀಟರ್ ಇಲ್ವಾ?"
ಇದೆ. ಅಭ್ಯಾಸ ಬಿದ್ದ ಕೈ ಕೇಳಲ್ಲ.
"ಇವತ್ತೇ ಆಸ್ಪತ್ರೆಗೆ ಹೋಗಿ. ಇನ್ಮೇಲೆ ಎಣ್ಣೆ ಮುಟ್ಟಬೇಡಿ. ಬೇಗ ನಿಲ್ಲಿಸಿದ್ರೆ ಎಷ್ಟೋ ಗಂಟು ತಾವೇ ಕರಗ್ತವೆ."
ಹೋಗ್ತೀನಿ ಅಂದೆ. ಹೋಗಲಿಲ್ಲ. ಮೊದಲು ಕರಗುತ್ತಾ ನೋಡೋಣ.

ಏಪ್ರಿಲ್ 8
ಕರಗ್ತಿದೆ! ಇಲ್ಲಾ, ನನ್ನ ಕಣ್ಣಿಗೇ ಹಾಗೆ ಕಾಣ್ತಿದೆಯೋ. ಎಡಗಡೆ ಇಲಿಗಳಿಗೂ ಆವತ್ತೇ ಎಣ್ಣೆ ನಿಲ್ಲಿಸಿದ್ದಾರೆ. ಗಂಟು ಒಣಗಿ ಉದುರ್ತಿವೆ. ಆಸ್ಪತ್ರೆಗೆ ತೋರಿಸ್ಕೊಂಡು ಬಂದೆ ಅಂತ ನಂಬಿರೋ ಹೆಂಡತಿ, "ಡಾಕ್ಟರ್ ಏನಂದ್ರು?" ಅಂದಳು. "ಎಣ್ಣೆ ಬಿಡಿ ಅಂದ್ರು" ಅಂದೆ. ಸುಳ್ಳೇನಲ್ಲ. ಮೇಡಮ್ಮೂ ಡಾಕ್ಟರೇ — ಇಲಿಗಳಿಗೆ.

ಮೇ 13
ಎಲ್ಲವೂ ಉದುರಲಿಲ್ಲ. ಒಂದು ಇಲಿಗೆ ಕಿವಿಹರುಕ ಅಂತ ಹೆಸರಿಟ್ಟಿದ್ದೀನಿ. ಅವನ ಗಂಟು ಬೆಳೀತಾನೇ ಇದೆ. ನೆಲ್ಲಿಕಾಯಿ ಗಾತ್ರ.
"ಯಾರೂ ಎಣ್ಣೆ ಉಣಿಸ್ತಿಲ್ಲ, ಮತ್ತೆ ಹೆಂಗೆ ಮೇಡಂ?"
ಅವನನ್ನ ಅಂಗೈಲಿ ತಿರುಗಿಸಿ ನೋಡಿದ್ರು. "ಈ ಗಂಟು ಈಗ ತನ್ನ ಕಾಲ ಮೇಲೆ ತಾನು ನಿಂತಿದೆ. ಇದಕ್ಕಿನ್ನು ಎಣ್ಣೆ ಬೇಕಿಲ್ಲ."
ಆಮೇಲೆ ನನ್ನ ಕಡೆ ನೋಡಿದ್ರು. ಶರ್ಟಿನ ತೋಳು ಇಳಿಸ್ಕೊಂಡೆ.

ಮೇ 14, ಬೆಳಿಗ್ಗೆ
ನಿನ್ನೆ ರಾತ್ರಿ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಅದಕ್ಕೇ ಹೆದರಿಕೆ ಆಗ್ತಿದೆ. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. "ಬರೆದದ್ದು ಸಾಕು, ಏಳಿ. ಆಸ್ಪತ್ರೆ ತೆಗೆಯೋ ಹೊತ್ತಿಗೆ ಅಲ್ಲಿರಬೇಕು." ಗಡಿಯಾರ ಕಟ್ಟೋಣ ಅಂತ ಗುಳ್ಳೆ ಮೇಲೆ ಪಟ್ಟಿ ಎಳೆದೆ. ಹೋದ ವಾರ ಸರಿಯಾಗಿ ಕೂರ್ತಿದ್ದ ತೂತು ಇವತ್ತು ಎಟುಕ್ತಿಲ್ಲ.