ಮುದ್ದನಾಳದ ಮರ್ಯಾದಸ್ತ ಉಗುಳು

ಮುದ್ದನಾಳ, ಖಣಿಕೆರೆ ದಂಡೆ
ಫೆಬ್ರವರಿ ೩೦, ೨೧೬೩

ಆಶಾ ಕಾರ್ಯಕರ್ತೆ ಜಗದೇವಿ ಅಕ್ಕನವರ ಸನ್ನಿಧಾನಕ್ಕೆ,

ನಿಮ್ಮ ಓಣಿಯಲ್ಲಿ ಕಲ್ಲು ಒಡೆಯುವ ಸೈಬಣ್ಣನ ಮಗಳು ಭಾಗ್ಯಶ್ರೀ ಇದ್ದಾಳಲ್ಲ, ಆರು ವರ್ಷದವಳು, ಅವಳ ಮೊಮ್ಮಗಳ ಮೊಮ್ಮಗಳಾದ ಶಶಿರೇಖಾ ಮಾಡುವ ಸಾಷ್ಟಾಂಗ ವಿಜ್ಞಾಪನೆ. ದಿನಾಂಕ ನೋಡಿ ಹೌಹಾರಬೇಡಿ. ವರ್ಷಕ್ಕೆ ಒಂದು ರಜೆ ಸಾಲದೆಂದು ನಮ್ಮ ಕಾಲದ ಮಕ್ಕಳು ಹಟ ಹಿಡಿದು ಈ ದಿನವನ್ನು ಕ್ಯಾಲೆಂಡರಿಗೆ ಸೇರಿಸಿದ್ದಾರೆ. ಹಿಮ್ಮುಖ ಅಂಚೆ, ಅಂದರೆ ಕಳೆದುಹೋದ ವರ್ಷಗಳಿಗೆ ಪತ್ರ ಒಯ್ಯುವ ಅಂಚೆ, ತೆರೆಯುವುದು ಇದೊಂದೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ನಮ್ಮಲ್ಲಿ ಯಾರೂ ಕೆಮ್ಮುವುದಿಲ್ಲ. ಓಣಿಗೊಂದು ಉಸಿರುಕಟ್ಟೆ ಇದೆ. ಹೆಸರು ಉಸಿರು ಕಟ್ಟಿಸುವಂತಿದ್ದರೂ ಕೆಲಸ ಹಾಗಲ್ಲ: ಅಮಾವಾಸ್ಯೆಗೊಮ್ಮೆ ಹೋಗಿ ಅದರ ಕಲ್ಲಿಗೆ ಮುಖವಿಟ್ಟು ಉಸಿರು ಬಿಟ್ಟರೆ ಎದೆಯೊಳಗಿನ ಸಮಾಚಾರವನ್ನೆಲ್ಲ ಹೇಳಿಬಿಡುತ್ತದೆ, ಹಿಂದಿನ ದಿನ ಕದ್ದು ತಿಂದ ಉಪ್ಪಿನಕಾಯಿಯ ಸಮೇತ. ನಿಮ್ಮ ಕಲ್ಲಿನ ಖಣಿಗಳು ಈಗ ಕೆರೆಗಳಾಗಿವೆ. ದೂಳು ನೋಡಬೇಕೆಂದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಕಳೆದ ತಿಂಗಳು ನಾನು ಹಳೆಯ ಧ್ವನಿಮುದ್ರಣವೊಂದನ್ನು ಕೇಳಿ ಕೆಮ್ಮು ಕಲಿತು, ಗ್ರಾಮಸಭೆಯ ನಡುವೆ ಗಂಭೀರವಾಗಿ ಕೆಮ್ಮಿದೆ. ಇಬ್ಬರು ಹಿರಿಯರು ಯಾವುದೋ ಮಂತ್ರವೆಂದುಕೊಂಡು ಎದ್ದು ಕೈಮುಗಿದರು. ಸಭೆಯೆಲ್ಲ ನಕ್ಕಿತು. ನನ್ನ ಅಜ್ಜಿ ಮಾತ್ರ ನಗಲಿಲ್ಲ.

“ಏ ಖೋಡಿ, ಹಂಗಲ್ಲ. ಎರಡು ಸಣ್ಣವು, ಒಂದು ಉದ್ದಂದು. ಇನ್ನೊಮ್ಮಿ ಕೆಮ್ಮು” ಅಂದಳು.

ಅದು ಸೈಬಣ್ಣನ ಕೆಮ್ಮು. ಖಣಿಯಿಂದ ಬರುವಾಗ ಓಣಿಯ ತಿರುವಿನಲ್ಲೇ ಅದು ಕೇಳುತ್ತಿತ್ತಂತೆ. ಕೇಳಿದ ಕೂಡಲೇ ಭಾಗ್ಯಶ್ರೀ ಓಡಿಹೋಗಿ ಚಹಾಕ್ಕೆ ನೀರಿಡುತ್ತಿದ್ದಳು. ಮುಪ್ಪಿನಲ್ಲಿ ಅವಳು ಅದನ್ನು ತನ್ನ ಮೊಮ್ಮಗಳಿಗೆ, ಅಂದರೆ ನನ್ನ ಅಜ್ಜಿಗೆ, ಹಾಡು ಕಲಿಸಿದಂತೆ ಕಲಿಸಿದಳು. ಅವಳ ಹತ್ತಿರ ಅಪ್ಪನದೆಂದು ಉಳಿದದ್ದು ಅದಷ್ಟೇ. ಫೋಟೋ ಕೂಡ ಇರಲಿಲ್ಲ.

ನಮ್ಮ ಶಾಲೆಯ ಗೋಡೆಯ ಮೇಲೆ ನಿಮ್ಮ ಕಾಲದ ಕ್ಷಯರೋಗದ ನಕ್ಷೆಯಿದೆ. ಇಷ್ಟು ದೊಡ್ಡ ದೇಶ. ರೋಗ ಹೆಚ್ಚು ಕಂಡಲ್ಲಿ ಕಡುಗೆಂಪು, ಕಡಿಮೆ ಕಂಡಲ್ಲಿ ಗುಲಾಬಿ, ಕಾಣದ ಕಡೆ ಹಾಲಿನಂತೆ ಬಿಳಿ. ಹಸಿವು, ಗಾಳಿಯಾಡದ ಮನೆ, ದೂಳಿನ ದುಡಿಮೆ ಎಲ್ಲ ಕಡೆ ಒಂದೇ ಸಮ ಇರಲಿಲ್ಲವೆಂದು ಮೇಷ್ಟ್ರು ಹೇಳುತ್ತಾರೆ, ಸರಿಯೇ. ಆದರೆ ನಮ್ಮೂರಿನ ಮೂಲೆಯನ್ನು ನೋಡಿದರೆ ಹರಸನಾಳ ಕೆಂಪಗಿದೆ, ಮುದ್ದನಾಳ ಬೆಳ್ಳಗಿದೆ, ನಡುವೆ ಇರುವುದು ಒಂದು ಹಳ್ಳ. ಅದೇ ಕಲ್ಲು, ಅದೇ ಜೋಳದ ರೊಟ್ಟಿ. ರೋಗವೇನು ಚಪ್ಪಲಿ ಒದ್ದೆಯಾದೀತೆಂದು ದಂಡೆಯಲ್ಲೇ ನಿಂತಿತೇ?

ಅಜ್ಜಿ ಹೇಳಿದ ಮೇಲೆ ತಿಳಿಯಿತು. ಹರಸನಾಳದ ಆಶಾ ಕಾರ್ಯಕರ್ತೆ ಶಾಂತಾಬಾಯಿಯವರ ಬಾಯಿ ಜೋರು. ಪರೀಕ್ಷೆಗೆ ಕಳಿಸುವ ಕಫದ ಡಬ್ಬಿ ಕೈಗಿಟ್ಟು, “ಏ ಮಾವಾ, ಎದಿ ಬುಡದಿಂದ ಕ್ಯಾಕರ್ಸು! ಮದಿಮಗನಂಗ ಏನ್ ನಾಚ್ತಿ?” ಎಂದು ಗದರುತ್ತಿದ್ದರು. ಗಟ್ಟಿ ಕಫ ಬಂತು, ರೋಗ ಸಿಕ್ಕಿತು, ಊರು ಕೆಂಪಾಯಿತು, ಮಾತ್ರೆ ನುಂಗಿದವರು ಬದುಕಿದರು. ನೀವು ಮರ್ಯಾದಸ್ತರು. ಅಂಥ ಪದ ಹಿರಿಯರ ಮುಂದೆ ಹೇಗೆ ಆಡುವುದೆಂದು, “ಅಣ್ಣಾ, ಇದರಾಗ ಸ್ವಲ್ಪ ಉಗುಳಿ ಕೊಡ್ರಿ” ಅಂದಿರಿ. ಸೈಬಣ್ಣ ನಿಮಗಿಂತ ಮರ್ಯಾದಸ್ತ. ಹೆಣ್ಣುಮಗಳ ಮುಂದೆ ಕ್ಯಾಕರಿಸಬಾರದೆಂದು ಕೆಮ್ಮನ್ನು ನುಂಗಿಕೊಂಡು, ನೀರಿನಂಥ ತಿಳಿ ಉಗುಳಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಎದೆಯಲ್ಲಿದ್ದ ರೋಗ ಬಾಯಿನೀರಿನಲ್ಲಿ ಎಲ್ಲಿ ಸಿಗಬೇಕು? “ನನಗೇನೂ ಇಲ್ಲಂತ ನೋಡ್ರಿ!” ಎಂದು ಓಣಿಗೆಲ್ಲ ಹೇಳಿಕೊಂಡು ಮತ್ತೆ ಖಣಿಗೆ ಹೋದ. ವರ್ಷ ತುಂಬುವುದರೊಳಗೆ ತೀರಿಕೊಂಡ. ಮುದ್ದನಾಳ ಮಾತ್ರ ಬೆಳ್ಳಗೇ ಉಳಿಯಿತು.

ಗಾಬರಿಯಾಗಬೇಡಿ, ಅಕ್ಕಾ. ನಿಮಗೆ ಇದಿನ್ನೂ ನಡೆದಿಲ್ಲ. ಈ ಪತ್ರ ನಿಮ್ಮ ಕೈ ಸೇರುವುದು ಭಾನುವಾರ. ಸೈಬಣ್ಣ ಡಬ್ಬಿಗೆಂದು ಬರುವುದು ಸೋಮವಾರ.

ಒಂದು ಸಣ್ಣ ತೊಡಕಿದೆ. ಅಪ್ಪ ಸತ್ತ ಮೇಲೆ ಭಾಗ್ಯಶ್ರೀಯನ್ನು ಹರಸನಾಳದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲೇ ಬೆಳೆದು, ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಅಪ್ಪ ಬದುಕಿದರೆ ಆ ಮದುವೆ ಇಲ್ಲ, ನನ್ನ ಅಜ್ಜಿ ಇಲ್ಲ, ಉಪ್ಪಿನಕಾಯಿ ಕದಿಯಲು ನಾನೂ ಇಲ್ಲ. ಅಂಚೆಯವರು ಅದಕ್ಕೇ ನಮ್ಮಿಬ್ಬರ ಒಪ್ಪಿಗೆಯ ಸಹಿ ಕೇಳಿದರು. ನಾನು ಜೀವನದಲ್ಲಿ ಮೊದಲ ಸಲ ತಮಾಷೆ ಮಾಡದೆ ಅಜ್ಜಿಯ ಮುಂದೆ ಕಾಗದ ಹಿಡಿದು ನಿಂತೆ. ಅವಳು ಎರಡು ಸಲ ಓದಿಸಿ ಕೇಳಿದಳು.

“ಅಪ್ಪ ಇಲ್ಲದ ಮನ್ಯಾಗ ಆ ಕೂಸು ಹೆಂಗ ಬೆಳೀತು ಅನ್ನೂದು ನನಗ ಗೊತ್ತದ. ಸಹಿ ಎಲ್ಲಿ ಮಾಡ್ಲಿ ಹೇಳು.”

ನಾನೂ ಮಾಡಿದ್ದೇನೆ. ಆದ್ದರಿಂದ ಜಗದೇವಿ ಅಕ್ಕಾ, ನಾಳೆ ಅವನನ್ನು ಹಿತ್ತಲಿಗೆ ಕಳಿಸಿ, ನೀವು ಬೇಕಾದರೆ ಗೋಡೆಯ ಕಡೆ ತಿರುಗಿ ನಿಲ್ಲಿ, ಸೆರಗಿನಿಂದ ಮುಖ ಮುಚ್ಚಿಕೊಳ್ಳಿ. ಆದರೆ ಶಾಂತಾಬಾಯಿಯವರ ಆ ಪದವನ್ನು ಹೇಳಿ. ಊರಿಗೆಲ್ಲ ಕೇಳುವಂತೆ ಹೇಳಿ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ತೆಗೆದು ಓದಲು ಇಲ್ಲಿ ಯಾರೂ ಇರಲಿಕ್ಕಿಲ್ಲ.

ಇಂತಿ, ಸದ್ಯಕ್ಕೆ ಇರುವ,
ಶಶಿರೇಖಾ