ಪರದೆಯ ಈಚೆ

ಗುರುವಾರ, ಮಾರ್ಚ್ ೧೪

ಪ್ರೀತಿಯ ಪೀಪಿ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಹಾಕಿದೆ. ನಿನ್ನಮ್ಮ ಕಸದ ಬುಟ್ಟಿಯನ್ನು ನೋಡಿ, "ಊದೋಕೂ ಆಗ್ತಿಲ್ಲ, ಬರೆಯೋಕೂ ಆಗ್ತಿಲ್ಲ, ಇನ್ನೇನು ಮಾಡ್ತೀರಿ?" ಎಂದಳು. ಅವಳ ಬಾಯಿಯೊಂದು ಚೆನ್ನಾಗಿದೆ, ಯೋಚನೆ ಬೇಡ.

"ಹದಿನೆಂಟರ ಸೋಮವಾರ ನನ್ನ ಟ್ರಂಪೆಟ್ಟನ್ನು ರಿಪೇರಿ ಅಂಗಡಿಯವರಿಗೆ ಕೊಟ್ಟುಬಿಡುತ್ತೇನೆ, ಬೇರೆ ಯಾರಾದರೂ ಊದಲಿ" ಎಂದು ಬರೆದಿದ್ದೀಯ. ಅದಕ್ಕೇ ಈ ಸಲ ಹರಿಯದೆ ಬರೆಯುತ್ತಿದ್ದೇನೆ. ಇದು ಶನಿವಾರದೊಳಗೆ ನಿನ್ನ ಕೈ ಸೇರಬೇಕು. ಕೊಡಬೇಡ, ಮಗಳೇ. ಆಯ್ಕೆ ಪರೀಕ್ಷೆಯಲ್ಲಿ ಒಂದೇ ಒಂದು ಮತ ಕಮ್ಮಿ ಬಿತ್ತೆಂದು ಇಪ್ಪತ್ತು ವರ್ಷದ ಸಾಧನೆಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

"ಪರದೆಗೆ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅದರಾಚೆ ಕೂತಿರೋದು ಬರೀ ಕಿವಿ. ಆ ಕಿವಿಗಳೇ ಬೇಡ ಅಂದ್ಮೇಲೆ ಕೊರತೆ ನನ್ನಲ್ಲೇ ಇರಬೇಕು ಅಪ್ಪಾ," ಎಂದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಆ ಪರದೆ ನನಗೆ ಗೊತ್ತು. ನಮ್ಮ ವಾದ್ಯವೃಂದಕ್ಕೆ ಹೊಸಬರನ್ನು ಆರಿಸುವಾಗ ಹನ್ನೊಂದು ವರ್ಷದಿಂದ ಅದರ ಈಚೆ ಕೂತಿದ್ದೇನೆ. ಐದು ಜನ. ಮಾತಿಲ್ಲ, ಚೀಟಿ ಮಾತ್ರ. ಬರುವವರ ಹೆಜ್ಜೆ ಸದ್ದೂ ಕೇಳದಿರಲೆಂದು ಆಚೆ ಜಮಖಾನೆ ಹಾಸಿರುತ್ತಾರೆ. ಊದುತ್ತಿರುವುದು ತಮ್ಮವರೆಂದು ತಿಳಿದರೆ ಎದ್ದು ಹೊರಗೆ ಹೋಗಬೇಕು, ಅದು ನಿಯಮ. ನೀನು ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. "ಅಪ್ಪನ ಹೆಸರಲ್ಲಿ ಒಳಗೆ ಬರಬಾರದು, ಅವರಿಗೆ ಹೇಳ್ಬೇಡ" ಎಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದೆಯಂತೆ. ನಿನ್ನ ಈ ಸ್ವಾಭಿಮಾನದ ಮುಂದೆ ನಾನು ತಲೆ ಎತ್ತಲಾರೆ.

ಇನ್ನು ನನ್ನ ಸುದ್ದಿ. ಮೇಲಿನ ಮುಂದಿನ ಹಲ್ಲು ಅಲ್ಲಾಡುತ್ತಿದೆ. ಹಲ್ಲು ಅಲ್ಲಾಡಿದರೆ ತುಟಿ ನಿಲ್ಲುವುದಿಲ್ಲ, ತುಟಿ ನಿಲ್ಲದಿದ್ದರೆ ಮೇಲಿನ ಸ್ವರ ಒಡೆಯುತ್ತದೆ. ಎರಡು ವರ್ಷದಿಂದ ಹೀಗೇ. ನಿನ್ನಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಪಕ್ಕದ ಕುರ್ಚಿಯ ಮಫ್ಲರ್ ಮಾಮ ಮಾತ್ರ ಕಂಡುಹಿಡಿದ. "ನೀವು ಸುಮ್ನೆ ಕೆನ್ನೆ ಉಬ್ಬಿಸಿ ಸಾರ್, ಮೇಲಿಂದು ನಾನು ನೋಡ್ಕೋತೀನಿ" ಎಂದ. ಸಭೆಯವರು ಚಪ್ಪಾಳೆ ತಟ್ಟಿದ ನನ್ನ ಎತ್ತರದ ಸ್ವರಗಳೆಲ್ಲ ಅವನವು. ಅವನು ಚಳಿಗಾಲದಲ್ಲಿ ನಿವೃತ್ತನಾದ. ನೀನು ಅರ್ಜಿ ಹಾಕಿದ್ದು ಅವನ ಕುರ್ಚಿಗೇ.

ಪಾಠಕ್ಕೆ ಬರುವ ಮಕ್ಕಳಿಗೆ "ತಪ್ಪು ಸ್ವರವನ್ನ ಮುಚ್ಚಿಡಬೇಡಿ, ಜೋರಾಗಿ ಊದಿ, ಆಗಲೇ ತಿದ್ದೋಕಾಗೋದು" ಎಂದು ಹೇಳುತ್ತಲೇ ಇರುತ್ತೇನೆ. ಹೇಳುವುದು ಪುರಾಣ, ಮಾಡುವುದು ಅನಾಚಾರ. ನಿನ್ನೆ ನಿರ್ದೇಶಕರಿಗೆ ರಾಜೀನಾಮೆ ಕೊಟ್ಟೆ. ಕಾರಣ ಎರಡಿದ್ದವು, ಎರಡನ್ನೂ ಬರೆದೆ. ಅವರು ಕನ್ನಡಕ ತೆಗೆದಿಟ್ಟು, "ಕುರ್ಚಿ ಇನ್ನೂ ಖಾಲಿ ಇದೆ, ಪರೀಕ್ಷೆ ಮತ್ತೆ ನಡೆಸ್ತೀವಿ. ನೀವಿರೋದಿಲ್ಲ. ಆದ್ರೆ ನಿಮ್ಮ ಮಗಳಿಗೆ ಹೇಳೋದು ಮಾತ್ರ ನೀವೇ," ಎಂದರು.

ಒಳ್ಳೆಯದಾಗಲಿ, ಕಂದಾ. ನಿನ್ನ ಉಸಿರು ನನ್ನದಕ್ಕಿಂತ ಉದ್ದವಾಗಲಿ.

ನಿನ್ನ
ಅಪ್ಪ

ಮರೆತದ್ದು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಾಲ್ಕನೆಯ ಸಂಖ್ಯೆ ಕರೆದಾಗ, ಮೊದಲ ಸ್ವರಕ್ಕೂ ಮುಂಚೆ, ಉಸಿರೆಳೆದದ್ದು ಕೇಳಿಸಿತು. ಅರ್ಧ ಎಳೆದು, ಕ್ಷಣ ತಡೆದು, ಆಮೇಲೆ ಪೂರ್ತಿ. ಏಳು ವರ್ಷದ ನಿನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ ಕಲಿಸಿದ್ದು. ಬೇರೆ ಯಾರಿಗೂ ಕಲಿಸಿಲ್ಲ. ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ನೀನು ಆ ಮೇಲಿನ ಸ್ವರವನ್ನು ಹಿಡಿದೆ, ಒಂದಿಷ್ಟೂ ಅಲುಗದೆ. ನನ್ನ ಪಕ್ಕ ಕೂತರೆ ನಾನು ಬರೀ ಕೆನ್ನೆ ಉಬ್ಬಿಸುತ್ತೇನೆಂದು ನಿನಗೆ ಮೊದಲ ದಿನವೇ ತಿಳಿಯುತ್ತದಲ್ಲ ಎನಿಸಿತು. ಚೀಟಿಯಲ್ಲಿ 'ಬೇಡ' ಎಂದು ಬರೆದೆ. ಬೇಲಿಯೇ ಎದ್ದು ಹೊಲ ಮೇಯಿತು. ಕಮ್ಮಿ ಬಿದ್ದ ಆ ಒಂದು ಮತ ನನ್ನದು.

ಪರದೆಯ ಈಚೆ ಇದ್ದದ್ದು ಬರೀ ಕಿವಿಯಲ್ಲ ಪೀಪಿ, ನಿನ್ನ ಅಪ್ಪ.