ಗಿಳಿಹಸಿರು ಸೀರೆ

ಡಿಸೆಂಬರ್ 3
ಸ್ಟುಡಿಯೋ. ಬೆಳಿಗ್ಗೆಯಿಂದ ಒಂದೇ ಕೆಲಸ — ಫೋಟೊಗಳ ಬಣ್ಣ ಇಳಿಸೋದು. ಅರಸೀಕೆರೆಯ ಮದುವೆ ಜೋಡಿಗಳಿಗೆಲ್ಲ ಈಗ 'ಮೂಡಿ' ಫೋಟೊನೇ ಬೇಕು. ಆಕಾಶ ಬೂದಿ, ತೆಂಗಿನ ಗರಿ ಕಪ್ಪು, ಮುಖದ ಮೇಲಷ್ಟೇ ಚೂರು ಬೆಳಕು. ನನಗೂ ಅದೇ ಇಷ್ಟ.
ಮಧ್ಯಾಹ್ನ ಬೇಲೂರಿಂದ ರಮಾ ಚಿಕ್ಕಮ್ಮನ ಫೋನು. ಚಿಕ್ಕಪ್ಪ ತೀರಿಹೋದಮೇಲೆ ಸ್ಕೂಲು, ಮನೆ ಅಂತಷ್ಟೇ ಇದ್ದವಳು. ಮದುವೆಯಂತೆ! ಅವಳ ಸ್ಕೂಲಿನ ಪಿ.ಟಿ. ಮೇಷ್ಟ್ರು ಹೊನ್ನಯ್ಯನವರ ಜೊತೆ. ಕುಣಿದುಬಿಟ್ಟೆ.

ಡಿಸೆಂಬರ್ 8
ಹಳೇಬೀಡು ಕೆರೆ ಏರಿ, ಇಬ್ಬರ ಫೋಟೊ ತೆಗೆಯೋಕೆ. ಬೆಳಗಿನ ಮಂಜು. ಚಿಕ್ಕಮ್ಮ ಗಿಳಿಹಸಿರು ಸೀರೆ, ಕೆಂಪಂಚು. ಮೇಷ್ಟ್ರು ಡ್ರಿಲ್‌ಗೆ ನಿಂತ ಹಾಗೆ ಅಟೆನ್ಷನ್. ಮೆಲ್ಲಗೆ ಏನೋ ಅಂದರು, ಚಿಕ್ಕಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕಳು. ಸಿಕ್ತು ಫೋಟೊ.
ಬಸ್ ಹತ್ತೋ ಮುಂಚೆ ಚಿಕ್ಕಮ್ಮ 'ಇಂದೂ, ಬಾರೇ' ಅಂತ ಪಕ್ಕಕ್ಕೆ ಕರೆದಳು. ಸೀರೆ ಡಲ್ ಮಾಡಂತೆ. ಈ ವಯಸ್ಸಲ್ಲಿ ಇದೇನು ಸೊಗಸು ಅಂತ ಜನ ಆಡ್ಕೋತಾರಂತೆ.

ಡಿಸೆಂಬರ್ 10
ಹಸಿರು ಪೂರ್ತಿ ಇಳಿಸಿದೆ. ಸೀರೆ ಪಾಚಿ ಬಣ್ಣ, ಅಂಚು ಇಟ್ಟಿಗೆ ಪುಡಿ. ನಾನು ಮಾಡಿದ್ರಲ್ಲೇ ಬೆಸ್ಟ್. ಇಬ್ಬರಿಗೂ ಕಳಿಸಿದೆ. ಚಿಕ್ಕಮ್ಮ, 'ಚೆನ್ನಾಗಿದೆ.' ಅಷ್ಟೇ.

ಡಿಸೆಂಬರ್ 13
ಮೇಷ್ಟ್ರು ಸ್ಟುಡಿಯೋಗೇ ಬಂದರು. ಟೀ ಕುಡಿದರು, ಫೋಟೊ ಹೊಗಳಿದರು. ಹೊರಡಲಿಲ್ಲ. ಆಮೇಲೆ —
"ಮಂಜು ಹಂಗೇ ಇರ್ಲಿ ಕಣಮ್ಮ ಇಂದೂ. ಸೀರೆ ಮಾತ್ರ... ಅಂಗಡೀಲಿ ರಮಾ ಟೀಚರ್ ಒಂದು ಬೂದು ಸೀರೆ ಕೈಲಿ ಹಿಡ್ಕೊಂಡು, ಈ ಹಸಿರನ್ನೇ ನೋಡ್ತಾ ನಿಂತಿದ್ರು. ಕೊನೆಗೆ ಧೈರ್ಯ ಮಾಡಿ ತಗೊಂಡ್ರು. ಆ ಧೈರ್ಯ ಕಾಣ್ಬೇಕು."
ಅವರೆದುರೇ ಹಸಿರು ಏರಿಸಿದೆ, ಕೆಂಪು ಏರಿಸಿದೆ. ಕೆರೆ ಏರಿ, ನೀರು, ಆಕಾಶ ಬೂದಿಯಲ್ಲೇ ಉಳಿದವು. ನಡುವೆ ಚಿಕ್ಕಮ್ಮ, ಈಗಷ್ಟೇ ಬಂದು ನಿಂತ ಹಾಗೆ. ಮೊನ್ನೇದಲ್ಲ, ಇದು ಬೆಸ್ಟ್.
ಆದರೆ ಅವಳನ್ನ ಕೇಳದೆ ಯಾರಿಗೂ ಕಳಿಸಲ್ಲ ಅಂದೆ. ಮೇಷ್ಟ್ರೂ ಒಪ್ಪಿದರು.

ಡಿಸೆಂಬರ್ 15
ಬೇಲೂರು. ಎರಡೂ ತೋರಿಸಿದೆ. ಪಾಚಿ ಬಣ್ಣದ್ದು ನೋಡಿದಳು. ಇನ್ನೊಂದು ನೋಡಿದಳು. ಕನ್ನಡಕ ಒರೆಸ್ಕೊಂಡು ಮತ್ತೆ ನೋಡಿದಳು.
"ಆಡ್ಕೊಂಡ್ರೆ ಆಡ್ಕೊಳ್ಲಿ ಬಿಡೇ. ಇದನ್ನೇ ಇಡು."
ನಾನು ಬಸ್ಸಲ್ಲಿರೋವಾಗಲೇ ಅವಳ ಸ್ಟೇಟಸ್‌ನಲ್ಲಿ ಬಂತು. ಕೆಳಗೆ ಒಂದೇ ಸಾಲು — 'ನಾನು, ಹೊನ್ನಯ್ಯನವರು.'

ಜನವರಿ 5
ಬುದ್ಧವಿಹಾರ. ಮದುವೆ ಆಯ್ತು. ಅಮ್ಮ ಅಳ್ತಾಳೆ, ನಗ್ತಾಳೆ, ಒಟ್ಟಿಗೇ. ಸ್ಕೂಲಿನವರೆಲ್ಲ ಬಂದಿದ್ದಾರೆ. ಊಟದ ಪಂಕ್ತಿ ಏಳೋವಷ್ಟರಲ್ಲಿ ಬರೆದುಬಿಡೋಣ ಅಂತ ಮೂಲೇಲಿ ಕೂತೆ. ಚಿಕ್ಕಮ್ಮ ಬಿಡಬೇಕಲ್ಲ. ತೆಗೆದದ್ದು ಸಾಕು, ಕ್ಯಾಮೆರಾ ಕೆಳಗಿಟ್ಟು ನೀನೂ ನಮ್ಮ ಜೊತೆ ಬಂದು ನಿಲ್ಲು ಅಂತಿದ್ದಾಳೆ. ತಲೆ ಬಾಚಿಲ್ಲ, ಕುರ್ತಾ ಮೇಲೆ ಪಾಯಸ... ಅಯ್ಯೋ, ಇಬ್ಬರೂ ಈ ಕಡೆನೇ —